ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಬುಧವಾರ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಅವಳು ಕೆಳಗಿಳಿದು ಹೋಗಿ ಕಾರಿನಡಿಯಿಂದ ಕಂದು ಕಾಗದವನ್ನು ಎಳೆದಳು. ಪರದೆ ಹೊಲಿಯುವ ಅವಳ ಮನೆಯಲ್ಲಿ ಅಳತೆ ಕಾಗದಕ್ಕೇನು ಬರ! ಯಾವ ಕಲೆ ಕಾರಿನ ಯಾವ ಭಾಗದ ಕೆಳಗೆ ಬಿದ್ದದ್ದು ಎಂದು ಆಮೇಲೆ ಗೊಂದಲವಾಗಬಾರದೆಂದು ಹಿಂದಿನ ಸಂಜೆಯೇ ನಾಲ್ಕೂ ಚಕ್ರಗಳ ಜಾಗಕ್ಕೆ ಗುರುತು ಹಾಕಿದ್ದಳು. ಎರಡು ಕಲೆಗಳಿದ್ದವು. ಮುಂದೆ ಒಂದು ನೀರಿನದು, ಒಣಗಿ ಅಂಚಿಗೆ ತುಕ್ಕಿನ ಗೆರೆ ಮೂಡಿತ್ತು. ಸ್ವಲ್ಪ ಹಿಂದೆ ಎಣ್ಣೆಯದು, ಅಂಗೈಯಗಲ, ಕಪ್ಪು.

ಶನಿವಾರ ಗುಜರಿಯವನು ಬರುವವನಿದ್ದ. ಹೇಳಿಟ್ಟವನು ಅಣ್ಣ. ಕಾರು ಇಬ್ಬರಿಗೂ ಸೇರಿದ್ದು.

"ಇದು ಕಾರಲ್ಲ ಕಣೇ, ಮೂಗು ಸೋರೋ ಮಗು," ಎಂದಿದ್ದ ಅವನು. "ಶನಿವಾರ ನೆಲದ ಮೇಲೆ ಒಂದು ತೊಟ್ಟು ಕಂಡರೂ ಗುಜರಿಗೇ."

ಕಾರು ಹೋದರೆ ಸಭಾಂಗಣಗಳ ದೊಡ್ಡ ಪರದೆ ಕೆಲಸವೂ ಹೋದಂತೆ. ಒಮ್ಮೆ ಅಂಥ ಪರದೆಯ ಸುರುಳಿಯೊಂದನ್ನು ಬಸ್ಸಿಗೆ ಹತ್ತಿಸಲು ಹೋಗಿ, "ಒಳಗೆ ಹೆಣ ಏನಾದ್ರೂ ಇದೆಯೇನಮ್ಮಾ?" ಎಂದು ಕಂಡಕ್ಟರನಿಂದ ಕೇಳಿಸಿಕೊಂಡಿದ್ದಳು.

ಗ್ಯಾರೇಜಿನವನು ಎಣ್ಣೆ ತೊಟ್ಟಿಕ್ಕುವ ಕಡೆ, ಅಂದರೆ ಎಂಜಿನ್ನಿನ ತಳದ ಆಯಿಲ್ ಚೇಂಬರಿಗೆ, ಎರಡು ಸಲ ಅಂಟು ಬಳಿದು, ಮೂರನೆಯ ಸಲ "ಎಂಜಿನ್ನೇ ಇಳಿಸಬೇಕು" ಎಂದು ಕೈ ತೊಳೆದುಕೊಂಡಿದ್ದ. ಹಾಗಾಗಿ ಅವಳು ಕಾಗದವನ್ನು ನೆಲಮಹಡಿಯ ಸ್ಪ್ಯಾನರಜ್ಜನ ಮುಂದೆ ಹರಡಿದಳು. ಅವರು ಬಸ್ ಡಿಪೋದಲ್ಲಿ ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಈಗ ಕೈ ನಡುಗುತ್ತದೆ, ಬಾಯಿ ನಡುಗುವುದಿಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದಾನೆ ನಿನ್ನ ಗ್ಯಾರೇಜಿನವನು!" ಎಂದರು ಅಜ್ಜ. "ಬಿದ್ದ ಜಾಗಾನೇ ಹುಟ್ಟಿದ ಜಾಗ ಅಂತ ಯಾರು ಹೇಳಿದ್ದು? ಎಣ್ಣೆ ಮೇಲೆಲ್ಲೋ ಹೊರಟು, ಊರೆಲ್ಲಾ ತಿರುಗಿ ಬಂದು ಕೆಳಗೆ ಬೀಳುತ್ತೆ. ಚೆನ್ನಾಗಿ ಒರೆಸು. ಪುಡಿ ಉದುರಿಸು. ಎಂಜಿನ್ ಓಡಿಸಿ ನೋಡು."

"ಯಾವ ಪುಡಿ, ಅಜ್ಜಾ?"

"ಯಾವುದಾದ್ರೂ. ನಾವು ಮುಖದ ಪೌಡರ್ ಹಾಕ್ತಿದ್ವಿ. ಡಿಪೋ ತುಂಬಾ ಮದುಮಗಳ ವಾಸನೆ!"

ಅವಳು ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣವನ್ನು ಕುಟ್ಟಿ ಪುಡಿ ಮಾಡಿದಳು. ಸೀಮೆಎಣ್ಣೆ ಬಟ್ಟೆಯಿಂದ ಎಂಜಿನ್ ಒರೆಸಿ, ಒಣಗಿಸಿ, ಪುಡಿ ಉದುರಿಸಿ ಹತ್ತು ನಿಮಿಷ ಓಡಿಸಿದಳು. ಆರಿಸಿ ಟಾರ್ಚ್ ಬಿಟ್ಟರೆ, ನೀಲಿಯ ಮೇಲೆ ಒಂದು ಕಪ್ಪು ಎಳೆ! ಎಂಜಿನ್ನಿನ ನೆತ್ತಿಯ ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಲ್ಲಿ ಹೊರಟು, ಬೆನ್ನ ಮೇಲೆ ಇಳಿದು, ಒಂದು ಬೋಲ್ಟನ್ನು ಬಳಸಿಕೊಂಡು ಚೇಂಬರಿನ ಅಂಚಿಗೆ ಬಂದು ನಿಂತಿತ್ತು. ಶನಿವಾರವೆಂಬುದೊಂದು ಇದೆ ಎನ್ನುವುದೇ ಅವಳಿಗೆ ಒಂದು ಗಳಿಗೆ ಮರೆತುಹೋಯಿತು.

"ಎಷ್ಟು ದೂರ ನಡ್ಕೊಂಡು ಬಂದಿದೆ ನೋಡಿ, ಅಜ್ಜಾ!"

ಕವರ್ ಬಿಚ್ಚಿದಾಗ ಸಂದು ಮುಚ್ಚುವ ಕಾರ್ಕಿನ ಪ್ಯಾಕಿಂಗ್ ನಜ್ಜುಗುಜ್ಜಾಗಿತ್ತು. ಸೋರಿದಾಗಲೆಲ್ಲ ಯಾರೋ ಸ್ಕ್ರೂ ಬಿಗಿದಿದ್ದರು, ಬಿಗಿದಷ್ಟೂ ಸೋರಿತ್ತು. ದಾರ ಬಿಗಿಯಾದರೆ ಬಟ್ಟೆ ಸುಕ್ಕುಗಟ್ಟುವುದು ಅವಳಿಗೆ ಗೊತ್ತಿದ್ದ ಸಂಗತಿಯೇ. ಹೊಸ ಕಾರ್ಕ್ ತಂದು ಕೂರಿಸಿ, ಎರಡೇ ಬೆರಳಿನ ಬಲದಲ್ಲಿ ಸ್ಕ್ರೂ ಬಿಗಿದಳು.

ನೀರು ಒಸರುತ್ತಿದ್ದದ್ದು ರೇಡಿಯೇಟರಿನ ಮೇಲಿನ ಪೈಪು ಎಂಜಿನ್ನಿಗೆ ಸೇರುವ ಕಡೆ, ಒಂದು ಪುಟ್ಟ ಮುಚ್ಚಳದ ಅಡಿಯಿಂದ. ಅಲ್ಲಿನ ಕಾಗದದ ಪ್ಯಾಕಿಂಗ್ ಮುಟ್ಟಿದರೆ ಪುಡಿಯಾಯಿತು. "ಆ ಕಾರು ಇನ್ನೂ ಬದುಕಿದೆಯಾ?" ಎಂದು ಅಚ್ಚರಿಪಟ್ಟ ಅಂಗಡಿಯವನ ಬಳಿ ತಯಾರಾದದ್ದು ಇರಲಿಲ್ಲ, ಪ್ಯಾಕಿಂಗ್ ಕಾಗದದ ಹಾಳೆಯಷ್ಟೇ ಸಿಕ್ಕಿತು. ಕಾಗದ, ಕತ್ತರಿ ಎಂದರೆ ಅವಳಿಗೆ ತವರುಮನೆ. ಮುಚ್ಚಳದ ಅಂಚಿಗೆ ಸೀಮೆಸುಣ್ಣ ಬಳಿದು ಹಾಳೆಯ ಮೇಲೆ ಅಚ್ಚೊತ್ತಿ, ಕತ್ತರಿಸಿ, ಕೂರಿಸಿ, ಹೊರಗೆ ಇಣುಕಿದ್ದನ್ನೆಲ್ಲ ಬ್ಲೇಡಿನಿಂದ ಸವರಿದಳು.

ಶುಕ್ರವಾರ ಮಧ್ಯಾಹ್ನ ಎಂಜಿನ್ ಓಡಿಸಿದಳು. ಒಂದು ತೊಟ್ಟೂ ಇಲ್ಲ. ಆದರೆ ಬಿಸಿ ತೋರಿಸುವ ಮುಳ್ಳು ನಡು ದಾಟಿ, ಮೇಲೇರಿ, ಕೆಂಪಿನ ಹತ್ತಿರ ಬಂತು. ಗಡಬಡಿಸಿ ಆರಿಸಿದಳು. ಸುಮ್ಮನಿದ್ದಿದ್ದರೆ ಬರೀ ಸೋರುತ್ತಿತ್ತು. ನಾನು ಕೈ ಹಾಕಿ ಕುದಿಯುವ ಹಾಗೆ ಮಾಡಿದೆನಲ್ಲ ಎಂದುಕೊಳ್ಳುತ್ತ ಅಜ್ಜನನ್ನು ಕರೆದಳು.

ಅಜ್ಜ ಮೇಲಿನ ಪೈಪನ್ನು ಮೆಲ್ಲಗೆ ಮುಟ್ಟಿ ನೋಡಿದರು. "ಎಂಜಿನ್ ಕೆಂಡ, ಪೈಪು ತಣ್ಣಗೆ. ನೀರು ದಾಟ್ತಾ ಇಲ್ಲ. ಆರಲಿ, ಆಮೇಲೆ ಬಿಚ್ಚು. ಬಿಸಿನೀರು ಮುಖಕ್ಕೆ ಹಾರೀತು."

ಆರುವ ತನಕ ಅವಳು ಮೂರು ಸಲ ಮೆಟ್ಟಿಲು ಹತ್ತಿ ಇಳಿದಳು. ಮುಚ್ಚಳ ಬಿಚ್ಚಿದಾಗ, ಕಾರಿನ ಪಕ್ಕ ಕುರ್ಚಿ ಹಾಕಿಸಿಕೊಂಡಿದ್ದ ಅಜ್ಜ ಬಗ್ಗಿ ನೋಡಿದರು.

"ಇದೇನಮ್ಮಾ, ಕಡಲೆಕಾಳಿನಷ್ಟು ತೂತು?"

ಅವಳು ನೋಡಿದಳು. ಕಾಗದದಲ್ಲಿ ನೀರು ಹಾಯಬೇಕಾದ ದುಂಡು ತೂತಿನ ಸುತ್ತ, ಅಚ್ಚಿನ ಗೆರೆಯಿಂದ ಒಳಕ್ಕೆ, ಒಂದೇ ಸಮನಾದ ಪಟ್ಟಿ ಉಳಿದಿತ್ತು. ಇಪ್ಪತ್ತು ವರ್ಷಗಳ ಅಭ್ಯಾಸ. ಕೈ ಅವಳನ್ನು ಕೇಳಿರಲಿಲ್ಲ.

"ಅಜ್ಜಾ… ಹೊಲಿಗೆಗೆ ಅಂತ ಅರ್ಧ ಇಂಚು ಬಿಟ್ಟಿದೀನಿ."

ಅಜ್ಜ ನಕ್ಕ ರಭಸಕ್ಕೆ ಕುರ್ಚಿ ಕಿರುಗುಟ್ಟಿತು. "ನಲವತ್ತು ವರ್ಷದಲ್ಲಿ ಎಲ್ಲಾ ತಪ್ಪೂ ನೋಡಿದೀನಿ. ಇದೊಂದು ಬಾಕಿ ಇತ್ತು, ತಾಯಿ!"

ಅವಳಿಗೂ ನಗು ಬಂತು. ಗೆರೆಗೆ ಸರಿಯಾಗಿ ಇನ್ನೊಂದು ಕತ್ತರಿಸಿದಳು. ಈ ಸಲ ಮುಳ್ಳು ನಡುವಿನಲ್ಲೇ ನಿಂತಿತು. ಎರಡೂ ಸಂದುಗಳ ಸುತ್ತಮುತ್ತ, ಚೇಂಬರಿನವರೆಗೂ, ಮತ್ತೆ ನೀಲಿ ಪುಡಿ ಉದುರಿಸಿ, ಕೆಳಗೆ ಹೊಸ ಕಾಗದ ಹಾಸಿದಳು.

ಶನಿವಾರ ಬೆಳಿಗ್ಗೆ ಕಾಗದದ ಮೇಲೆ ಒಂದು ತೊಟ್ಟಿತ್ತು. ಕಪ್ಪು. ಒಂದೇ ಒಂದು.

ಬೀದಿಯಲ್ಲಿ ಅಣ್ಣನ ಸ್ವರ ಕೇಳುತ್ತಿತ್ತು. ಮೇಲೆ ಮನೆಯಲ್ಲಿ ಕಾಗದದ ಸುರುಳಿಯೇ ಇತ್ತು. ಬದಲಿಸಲು ಒಂದು ನಿಮಿಷ ಸಾಕು. ಅವಳು ಕಾಗದದ ಅಂಚು ಹಿಡಿದಳು, ಬಿಟ್ಟಳು. ತೊಟ್ಟನ್ನು ಬಚ್ಚಿಟ್ಟರೆ ಅದು ಎಲ್ಲಿಂದ ಬಂತೆಂದು ತನಗೂ ತಿಳಿಯುವುದಿಲ್ಲವಲ್ಲ!

ಗುಜರಿಯವನನ್ನು ಹಿಂದಿಟ್ಟುಕೊಂಡು ಬಂದ ಅಣ್ಣ ಕಾಗದಕ್ಕೆ ಬೆರಳು ತೋರಿಸಿದ. "ತೊಟ್ಟು!"

"ಗೊತ್ತು. ಸ್ವಲ್ಪ ತಡಿ, ಅಣ್ಣಾ." ಬಿಳಿ ಬಟ್ಟೆಯ ತುಣುಕಿನಿಂದ ತೊಟ್ಟನ್ನು ಒತ್ತಿ ನೋಡಿದಳು. ಬರೀ ಕಪ್ಪು, ನೀಲಿಯ ಸುಳಿವಿಲ್ಲ. ಸಂದಿನಿಂದ ಇಳಿದಿದ್ದರೆ ನೀಲಿ ಬೆರೆಯಲೇಬೇಕಿತ್ತು. ಟಾರ್ಚ್ ಹಿಡಿದು ಕಾರಿನಡಿಗೆ ನುಸುಳಿದಳು. ಗ್ಯಾರೇಜಿನವನ ಅಂಟು ಚೇಂಬರಿನ ಅಂಚಿನಲ್ಲಿ ಮಡಿಕೆಯಾಗಿ ಜೋತುಬಿದ್ದಿತ್ತು. ಉಗುರಿನಿಂದ ಒತ್ತಿದಳು. ಇನ್ನೊಂದು ಕಪ್ಪು ತೊಟ್ಟು ಅವಳ ಮೊಣಕೈ ಮೇಲೆ ಬಿತ್ತು.

"ಹಳೇ ಎಣ್ಣೆ! ಅಂಟಿನ ಮಡಿಕೆಯಲ್ಲಿ ನಿಂತಿದ್ದು. ಮೇಲಿನ ಪುಡಿ ಒಣಗಿದ ಹಾಗೇ ಇದೆ."

"ನೀನು ಹೇಳಿದ್ದನ್ನೆಲ್ಲಾ ನಂಬಬೇಕಾ?"

"ನಂಬಬೇಡ. ಮಲಗಿ ನೋಡು."

ಅಣ್ಣ ತನ್ನ ಇಸ್ತ್ರಿ ಅಂಗಿಯನ್ನೊಮ್ಮೆ, ನೆಲವನ್ನೊಮ್ಮೆ ನೋಡಿ, ಗೊಣಗುತ್ತ ಕಾಗದದ ಮೇಲೆ ಮಲಗಿ ಒಳಗೆ ಜಾರಿದ. ಆಮೇಲೆ ಅಡಿಯಿಂದ ಸ್ವರ ಬಂತು: "ಟಾರ್ಚ್ ಈ ಕಡೆ ಹಿಡಿಯೇ. ಈ ದಪ್ಪ ಪೈಪು ಎಲ್ಲಿಗೆ ಹೋಗುತ್ತೆ?"

"ಸಾರ್," ಎಂದ ಗುಜರಿಯವನು, "ನಾನು ಕಾಯಲಾ, ಹೋಗಲಾ?"

"ಹೋಗಪ್ಪಾ, ಹೋಗು. ಏ, ಇದೇನು ಇಲ್ಲಿ ಮುರಿದ ಸ್ಪ್ರಿಂಗು?"

ಗುಜರಿಯವನು ಹೋಗಲಿಲ್ಲ. ನೀಲಿ ಪುಡಿಯ ಡಬ್ಬಿಯನ್ನು ಎತ್ತಿ ಮೂಸಿದ. "ಅಕ್ಕಾ, ನನ್ನ ವ್ಯಾನೂ ಸೋರುತ್ತೆ. ಒಂದು ಚೂರು ಕೊಡ್ತೀರಾ?"

ಅವಳು ಕಾಗದದಲ್ಲಿ ಒಂದು ಹಿಡಿ ಪುಡಿ ಕಟ್ಟಿಕೊಟ್ಟಳು. "ಮೊದಲು ಚೆನ್ನಾಗಿ ಒರೆಸಿ," ಎಂದಳು. ಆಮೇಲೆ ಅವನನ್ನೇ ಹಿಂಬಾಲಿಸಿದಳು. ಬೀದಿಯಲ್ಲಿ ನಿಂತಿದ್ದ ವ್ಯಾನಿನಡಿ ತೊಟ್ಟು ಯಾವ ಜಾಗಕ್ಕೆ ಬಿದ್ದಿದೆಯೋ ನೋಡಬೇಕಿತ್ತು.