ಅಪ್ಪ ಕೇಳಿದ ಖಾಲಿ ಗ್ಲಾಸು

ಟೈಲರ್ ಅಕ್ಕ ತಮ್ಮನ ಫೋನ್ ಎತ್ತುವುದನ್ನೇ ಬಿಟ್ಟಿದ್ದಳು. ಅಕ್ಕ ತಮ್ಮ ಮಾತು ಬಿಟ್ಟರೆಂದರೆ ಆಸ್ತಿ ಜಗಳವೇ ಇರಬೇಕು ಎಂದುಕೊಳ್ಳುತ್ತೇವೆ. ಇಲ್ಲಿ ಅದೇನೂ ಇರಲಿಲ್ಲ. ಜಗಳ ಶುರುವಾದದ್ದು ಒಂದು ಖಾಲಿ ಗ್ಲಾಸಿಗೆ. ನಗು ಬರುವ ವಿಷಯವೇ, ಆದರೆ ಅದರಿಂದ ತಮ್ಮನ ಕೆಲಸ ಹೋಗುವ ಹಾಗಿತ್ತು.

ತಮ್ಮ ಮುಖ್ಯರಸ್ತೆಯ ಬಾರೊಂದರಲ್ಲಿ ಸರ್ವರ್. ಎಳೆ ಮುಖದವರು ಯಾರೇ ಬಂದರೂ ಗುರುತಿನ ಕಾರ್ಡ್ ಕೇಳುತ್ತಾನೆಂದು ಗಿರಾಕಿಗಳು ಅವನಿಗೆ ಹೆಡ್‌ಮಾಸ್ಟರ್ ಎಂದು ಹೆಸರಿಟ್ಟಿದ್ದಾರೆ. ಅಕ್ಕನ ಗಂಡ ಪೇಂಟಿಂಗ್ ಕಂಟ್ರಾಕ್ಟರ್. ಶನಿವಾರ ಸಂಜೆ ತನ್ನ ಕೆಲಸಗಾರರನ್ನೆಲ್ಲ ಕರೆದುಕೊಂಡು ಅದೇ ಬಾರಿನ ಊಟದ ಹಾಲ್‌ಗೆ ಹೋಗುವುದು ಅವನ ರೂಢಿ. ಕಳೆದ ಶನಿವಾರ ಹದಿನೇಳು ವರ್ಷದ ಮಗನನ್ನೂ ಕರೆದೊಯ್ದ. ಹುಡುಗ ರಜೆಯಲ್ಲಿ ಅಪ್ಪನ ಜೊತೆ ಕೆಲಸಕ್ಕೆ ಇಳಿದು, ಮೊದಲ ಸಲ ಒಂದು ಇಡೀ ಮನೆಗೆ ಬಣ್ಣ ಹೊಡೆದು ಮುಗಿಸಿದ್ದ. ಅಪ್ಪನಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಬಿಯರ್ ತಾ. ಒಂದು ಖಾಲಿ ಗ್ಲಾಸು ಹೆಚ್ಚಿಗೆ ಇರಲಿ," ಎಂದ ಕಂಟ್ರಾಕ್ಟರ್.

"ಹೆಚ್ಚಿನ ಗ್ಲಾಸು ಯಾರಿಗೆ ಭಾವ?" ಎಂದ ಸರ್ವರ್.

"ಯಾರಿಗಾದ್ರೆ ನಿನಗೇನು? ಖಾಲಿ ಗ್ಲಾಸು ತಾನೇ ಕೇಳಿದ್ದು."

"ಹುಡುಗನಿಗೆ ಆದ್ರೆ ಜ್ಯೂಸ್ ತರ್ತೀನಿ. ಅದು ಅದರ ಗ್ಲಾಸಲ್ಲೇ ಬರುತ್ತೆ."

ಕೆಲಸಗಾರರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕಂಟ್ರಾಕ್ಟರನಿಗೆ ಮೈ ಉರಿಯಿತು.

"ನನ್ನ ಮಗ, ನನ್ನ ಜವಾಬ್ದಾರಿ. ಒಳಗೆ ನಮ್ಮವನೇ ಇದ್ದಾನೆ, ಯಾರೂ ಏನೂ ಕೇಳಲ್ಲ ಅಂತ ತಾನೇ ಇಲ್ಲಿಗೆ ಕರ್ಕೊಂಡು ಬಂದಿದ್ದು?"

"ತಪ್ಪು ತಿಳ್ಕೋಬೇಡಿ ಭಾವ. ಆಗಲ್ಲ."

ಇಡೀ ಗುಂಪು ಎದ್ದು ಹೊರಟಿತು. ಹೋಗುವಾಗ ಕಂಟ್ರಾಕ್ಟರ್ ಕ್ಯಾಶ್ ಕೌಂಟರಿನಲ್ಲಿದ್ದ ಮಾಲೀಕರಿಗೆ, "ಇನ್ನು ನಾವು ಈ ಕಡೆ ತಲೆ ಹಾಕಲ್ಲ," ಎಂದು ಹೇಳಿಯೇ ಹೋದ.

'ಚಿಕ್ಕ ವಯಸ್ಸಿನವರಿಗೆ ಮದ್ಯ ಕೊಡುವುದಿಲ್ಲ' ಎಂದು ಗೋಡೆಗೆ ದೊಡ್ಡ ಬೋರ್ಡ್ ಹಾಕಿಸಿದ್ದು ಇದೇ ಮಾಲೀಕರು. ಬೋರ್ಡ್ ಹಾಕುವುದು ಸುಲಭ, ಅದನ್ನು ಬಾಯಿಬಿಟ್ಟು ಹೇಳಬೇಕಾದವನು ಸರ್ವರ್. ಮಾಲೀಕರು ಅವನನ್ನು ಪಕ್ಕಕ್ಕೆ ಕರೆದರು. "ನೀನು ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲಪ್ಪ. ಆದ್ರೆ ಬರೋ ಶನಿವಾರ ಆ ಗುಂಪು ವಾಪಸ್ ಬರಬೇಕು. ಇಲ್ಲ ಅಂದ್ರೆ ನಿನ್ನ ಇಟ್ಕೊಳ್ಳೋದು ನನಗೆ ಕಷ್ಟ," ಎಂದರು.

ಇತ್ತ ಅಕ್ಕ ಗಂಡನ ಮಾತು ಕೇಳಿ ಬೆಂಕಿಯಾಗಿದ್ದಳು. ಬುಧವಾರ ಮಧ್ಯಾಹ್ನ ಹೊಲಿಗೆ ನಿಲ್ಲಿಸಿ ಎದ್ದವಳೇ ನೇರ ಬಾರಿಗೆ ಹೋದಳು. ಅಳತೆ ಟೇಪು ಕೊರಳಲ್ಲೇ ಇತ್ತು. ತಮ್ಮ ಗ್ಲಾಸುಗಳನ್ನು ಒರೆಸಿ ಬೋರಲು ಹಾಕುತ್ತಿದ್ದ. ಅಕ್ಕನನ್ನು ಕಂಡು ಅಡುಗೆಮನೆ ಬಾಗಿಲ ಹತ್ತಿರ ಸ್ಟೂಲ್ ಎಳೆದು ಹಾಕಿದ.

"ಕೆಲಸದವರ ಮುಂದೆ ನಿಮ್ಮ ಭಾವನ ಮರ್ಯಾದೆ ತೆಗೆದ್ಯಲ್ಲೋ," ಎಂದಳು ಅಕ್ಕ.

"ಬೈಯಕ್ಕ. ಆದ್ರೆ ಕೂತ್ಕೊಂಡು ಬೈ. ಮಧ್ಯ ಯಾರಾದ್ರೂ ಬಂದ್ರೆ ಎದ್ದು ಹೋಗ್ತೀನಿ."

ಅಷ್ಟರಲ್ಲಿ ಇಬ್ಬರು ಬಂದು ನಡುವಿನ ಟೇಬಲ್ ಹಿಡಿದರು. ಒಬ್ಬನಿಗೆ ದಟ್ಟ ಗಡ್ಡ. ಅವರ ಹಿಂದೆಯೇ ಮೀಸೆಯೇ ಇಲ್ಲದ ಇನ್ನೊಬ್ಬ ಬಂದು ಕಿಟಕಿಯ ಬಳಿ ಒಂಟಿಯಾಗಿ ಕುಳಿತ.

"ಈ ಮೂವರಲ್ಲಿ ಯಾರನ್ನ ಕಾರ್ಡ್ ಕೇಳಲಿ, ನೀನೇ ಹೇಳು," ಎಂದ ತಮ್ಮ.

"ಕಾರ್ಡ್ ಯಾಕೆ? ಇಷ್ಟು ವರ್ಷ ಜನರ ಅಳತೆ ತಗೊಂಡಿದ್ದೀನಿ, ಭುಜ ನೋಡಿದ್ರೆ ಸಾಕು ವಯಸ್ಸು ಹೇಳ್ತೀನಿ. ಆ ಗಡ್ಡದವನಿಗೆ ಮೂವತ್ತು. ಕಿಟಕಿ ಹತ್ರ ಕೂತಿರೋನು ಸ್ಕೂಲ್ ಹುಡುಗ. ಮೊದಲು ಅವನನ್ನ ಎಬ್ಬಿಸಿ ಕಳಿಸು."

ತಮ್ಮ ಹೋಗಿ ಕೇಳಿದಾಗ ಕಿಟಕಿಯ ಬಳಿ ಇದ್ದವನು ಕಾರ್ಡ್ ತೆಗೆದು ಟೇಬಲ್ ಮೇಲೆ ಬಿಸಾಡಿದ. "ನನಗೆ ಎರಡು ಮಕ್ಕಳಿದ್ದಾವೆ ಕಣ್ರೀ," ಎಂದ. ತಮ್ಮ ಕ್ಷಮೆ ಕೇಳಿ, ಆರ್ಡರ್ ಬರೆದುಕೊಂಡು ಗಡ್ಡದವನ ಕಡೆ ತಿರುಗಿದ. ಗಡ್ಡದವನು ಜೇಬುಗಳನ್ನು ತಡಕಿದ. ಕಾರ್ಡ್ ಮನೆಯಲ್ಲಿದೆ ಎಂದು ಫೋನಿನಲ್ಲಿ ಕಾರ್ಡಿನ ಫೋಟೋ ತೋರಿಸಿದ.

"ಇದರಲ್ಲಿ ಇರೋರು ನಿಮ್ಮ ಅಣ್ಣನಾ?" ಎಂದು ತಮ್ಮ ಮೆಲ್ಲಗೆ ಕೇಳಿದ.

ಗಡ್ಡದವನು ಫೋನನ್ನು ಜೇಬಿಗೆ ಹಾಕಿಕೊಂಡ. ಜೊತೆಯವನು ಮಾತ್ರ, "ಮಾಲೀಕರು ನಮಗೆ ಗೊತ್ತು," ಎಂದ. "ಜ್ಯೂಸ್ ಕೊಡ್ತೀನಿ, ಬಿಯರ್ ಆಗಲ್ಲ," ಎಂದ ತಮ್ಮ. ಇಬ್ಬರೂ ಎದ್ದರು. ಗಡ್ಡದವನು ಕುರ್ಚಿಯನ್ನು ಒದ್ದು, "ಹೊರಗೆ ಸಿಗ್ತೀಯಲ್ಲ, ನೋಡ್ಕೋತೀನಿ," ಎಂದು ಹೋದ. ಹಾಗೆ ಹೇಳುವಾಗ ಅವನ ದನಿ ಒಡೆಯಿತು. ಗಡ್ಡವಿದ್ದರೇನು, ಗಂಟಲಿನ್ನೂ ಮಗುವಿನದು. ಅಡುಗೆಯವನು ಸೌಟು ಹಿಡಿದೇ ಹೊರಗೆ ಇಣುಕಿ ನೋಡಿದ. ತಮ್ಮ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಬಂದ.

"ದಿನಾ ಹೀಗೇನಾ?" ಎಂದಳು ಅಕ್ಕ.

"ಇದು ಸುಲಭದ್ದು ಅಕ್ಕ, ಎದುರಿಗೇ ಕಾಣುತ್ತೆ. ಕೆಲವರು ಹೊರಗೆ ನಿಂತು ದೊಡ್ಡವರ ಕೈಲಿ ತರಿಸ್ಕೋತಾರೆ. ಕೆಲವರು ಜ್ಯೂಸ್ ತಗೊಂಡು ಟೇಬಲ್ ಕೆಳಗೆ ಬೆರೆಸ್ಕೋತಾರೆ. ಜನ ತುಂಬಿದಾಗ ಎಷ್ಟು ಕಡೆ ಕಣ್ಣಿಡಲಿ? ಕೊಟ್ಟು ಸಿಕ್ಕಿಬಿದ್ರೆ ಕೇಸು ನನ್ನ ಮೇಲೆ, ಲೈಸೆನ್ಸ್ ಹೋಗೋದು ಮಾಲೀಕರದ್ದು. ಕೊಡದೆ ಇದ್ರೆ ಬೈಗುಳ. ಈಗ ಭಾವನ ಗುಂಪು ವಾಪಸ್ ಬರದಿದ್ರೆ ಕೆಲಸವೂ ಹೋಗುತ್ತೆ."

ಅಕ್ಕ ಸ್ವಲ್ಪ ತಣ್ಣಗಾದಳು. ಆದರೂ ಬಿಡಲಿಲ್ಲ. "ಅವರು ಯಾರದೋ ಮಕ್ಕಳು. ಇವನು ನಿನ್ನ ಸ್ವಂತ ಅಕ್ಕನ ಮಗ ಕಣೋ."

ತಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟ.

"ಈ ಬಾರಿಗೆ ಬರೋ ಯಾರ ವಯಸ್ಸೂ ನನಗೆ ಗೊತ್ತಿಲ್ಲ ಅಕ್ಕ. ಅಂದಾಜು ಮಾಡ್ತೀನಿ, ಕೇಳ್ತೀನಿ, ಬೈಸ್ಕೋತೀನಿ. ಕಾರ್ಡ್ ನೋಡದೆ ನನಗೆ ವಯಸ್ಸು ಗೊತ್ತಿರೋದು ಒಬ್ಬನದು ಮಾತ್ರ. ಅವನು ಹುಟ್ಟಿದಾಗ ಹೆರಿಗೆ ವಾರ್ಡಿನ ಹೊರಗೆ ಬಟ್ಟೆ ಗಂಟು ಹಿಡ್ಕೊಂಡು ನಿಂತಿದ್ದೋನು ನಾನು. ಅವನಿಗೇ ಗ್ಲಾಸು ಕೊಟ್ಟು, ಬೇರೆಯವರ ಮಕ್ಕಳನ್ನ ಯಾವ ಮುಖ ಇಟ್ಕೊಂಡು ಕಾರ್ಡ್ ಕೇಳಲಿ?"

ಬೈಯಲು ಬಂದವಳು ಬೈಯದೆ ಎದ್ದಳು. "ನಾಳೆ ಬೆಳಗ್ಗೆ ಮನೆಗೆ ಬಾ. ನಿಮ್ಮ ಭಾವನಿಗೂ ಇದನ್ನ ಹೇಳು," ಎಂದಳು.

ಮರುದಿನ ಬೆಳಗ್ಗೆ ಕಂಟ್ರಾಕ್ಟರ್ ಅಂಗಳದಲ್ಲಿ ಬ್ರಷ್ ತೊಳೆಯುತ್ತಿದ್ದ. ಭಾಮೈದನನ್ನು ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

"ಕದ್ದು ಕುಡಿಯೋದಕ್ಕಿಂತ ನನ್ನ ಕಣ್ಣೆದುರು ಒಂದು ಗುಟುಕು ಕುಡೀಲಿ ಅಂದೆ. ಅದರಲ್ಲಿ ತಪ್ಪೇನು?" ಎಂದು ಬ್ರಷ್ ನೋಡುತ್ತಲೇ ಕೇಳಿದ.

"ಎಲ್ಲ ಅಪ್ಪಂದಿರೂ ಹಾಗೇ ಅನ್ಕೋತಾರೆ ಭಾವ. ಬಾರ್ ಕೆಲಸದವರಿಗೆ ತರಬೇತಿ ಕೊಟ್ಟ ಡಾಕ್ಟರು ಬಿಡಿಸಿ ಹೇಳಿದ್ರು. ಈ ವಯಸ್ಸಲ್ಲಿ ಮೆದುಳು ಇನ್ನೂ ಬೆಳೀತಿರುತ್ತೆ. ಎಷ್ಟು ಬೇಗ ಶುರು ಮಾಡ್ತಾರೋ, ಚಟ ಅಂಟ್ಕೊಳ್ಳೋ ಭಯ ಅಷ್ಟು ಜಾಸ್ತಿ. ಅಪ್ಪನೇ ಕೊಟ್ರೆ ಮಗ ಅದನ್ನ ಒಪ್ಪಿಗೆ ಅಂತಾನೇ ತಿಳ್ಕೋತಾನೆ. ಆಮೇಲೆ ಗೆಳೆಯರು ಕರೆದಾಗ ಬೇಡ ಅನ್ನೋಕೆ ಅವನಿಗೆ ಕಾರಣವೇ ಇರಲ್ಲ."

"ನಾವೆಲ್ಲ ಆ ವಯಸ್ಸಲ್ಲೇ ಶುರು ಮಾಡಿದ್ವಿ. ಏನು ಸತ್ತು ಹೋದ್ವಾ?"

"ಸತ್ತಿಲ್ಲ ಬಿಡಿ," ಎಂದಳು ಅಕ್ಕ ಹೊಸ್ತಿಲಿನಿಂದ. "ಬಿಡೋಕೆ ಹೋಗಿ ಎಷ್ಟು ಸಲ ಒದ್ದಾಡಿದ್ರಿ ಅನ್ನೋದನ್ನ ನಾನು ಹೇಳ್ಲಾ, ನೀವೇ ಹೇಳ್ತೀರಾ?"

ಕಂಟ್ರಾಕ್ಟರ್ ಬ್ರಷ್ ಒದರಿದ. ಆಗ ಅಮ್ಮನ ಹಿಂದೆ ನಿಂತಿದ್ದ ಮಗ ಮುಂದೆ ಬಂದ.

"ಅಪ್ಪ, ಅವತ್ತು ನನಗೆ ಬೇಡವಾಗಿತ್ತು. ಎಲ್ಲರೂ ನನ್ನೇ ನೋಡ್ತಿದ್ರು. ಬೇಡ ಅಂದ್ರೆ ನಿನಗೆ ಅವಮಾನ ಆಗುತ್ತೆ ಅಂತ ಸುಮ್ಮನಿದ್ದೆ. ಮಾವ ಆಗಲ್ಲ ಅಂದ ಮೇಲೇ ನನಗೆ ಉಸಿರು ಬಂದಿದ್ದು."

"ಮತ್ತೆ ನಿನಗೆ ಏನು ಬೇಕಾಗಿತ್ತೋ?"

"ಗೋಡೆ ಚೆನ್ನಾಗಿ ಬಂದಿದೆ ಅಂತ ಅವರೆಲ್ಲರ ಮುಂದೆ ಒಂದು ಮಾತು ಅಂದಿದ್ರೆ ಸಾಕಿತ್ತು."

ಮಗ ದೊಡ್ಡವನಾದ ಎಂದು ನಾಲ್ಕು ಜನಕ್ಕೆ ತೋರಿಸುವ ಆತುರದಲ್ಲಿ ಮಗನನ್ನೇ ಒಂದು ಮಾತು ಕೇಳಿರಲಿಲ್ಲವಲ್ಲ ಎಂದು ಕಂಟ್ರಾಕ್ಟರನಿಗೆ ನಾಚಿಕೆಯಾಯಿತು. ಆಮೇಲೆ ಹೆಂಡತಿಗೆ, "ನಿನ್ನ ತಮ್ಮನಿಗೆ ಟೀ ಕೊಡು," ಎಂದ.

ಶನಿವಾರ ಸಂಜೆ ಗುಂಪು ಮತ್ತೆ ಬಾರಿಗೆ ಹೋಯಿತು. ಕಂಟ್ರಾಕ್ಟರ್ ಕೆಲಸಗಾರರ ಎದುರೇ ಮಾಲೀಕರಿಗೆ ಹೇಳಿದ: "ಅವತ್ತು ತಪ್ಪು ನನ್ನದು. ಇವನನ್ನ ಕೆಲಸದಿಂದ ತೆಗೆದ್ರೆ ಆಗ ಮಾತ್ರ ನಾವು ಬರೋದು ನಿಲ್ಲಿಸ್ತೀವಿ. ಇನ್ನೊಂದು ಮಾತು. ಮುಂದೆ ಯಾರಾದ್ರೂ ನನ್ನ ಹಾಗೆ ಕೂಗಾಡಿದ್ರೆ ನೀವು ಕೌಂಟರ್ ಬಿಟ್ಟು ಬಂದು ಇವನ ಪಕ್ಕ ನಿಂತ್ಕೊಳ್ಳಿ. ಎಷ್ಟು ಅಂತ ಇವನೊಬ್ಬನೇ ಬೈಸ್ಕೋತಾನೆ?"

ಮಾಲೀಕರು ಒಪ್ಪಿದರು. ಒಪ್ಪದೆ ಏನು ಮಾಡುತ್ತಾರೆ, ಬೋರ್ಡ್ ಅವರದೇ ತಾನೇ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ವಯಸ್ಸು ತುಂಬದ ಮಕ್ಕಳಿಗೆ ನಿಮ್ಮ ಕೈಯಿಂದ ಮದ್ಯ ತಂದುಕೊಡಬೇಡಿ, ನಿಮ್ಮ ಗ್ಲಾಸಿನಿಂದ ಹಂಚಬೇಡಿ. ನಿಮ್ಮನ್ನೇ ಕಾರ್ಡ್ ಕೇಳಿದರೆ ಕೋಪ ಮಾಡಿಕೊಳ್ಳದೆ ತೋರಿಸಿ. ಬಾರ್ ನಡೆಸುವವರೇ, ಇಲ್ಲ ಎಂದ ನಿಮ್ಮ ಕೆಲಸದವರ ಬೆನ್ನಿಗೆ ನಿಲ್ಲಿ. ಅಲ್ಲಿ ನಿಂತು ಬೈಸಿಕೊಳ್ಳುವವನು ನಿಮಗೆ ಭಾಮೈದನಾಗಬೇಕಿಲ್ಲ, ಪರಿಚಯದವನೂ ಆಗಬೇಕಿಲ್ಲ. ನೀವು ಜೊತೆಗಿಲ್ಲದ ಹೊತ್ತಿನಲ್ಲಿ ನಿಮ್ಮ ಮಗುವಿಗೆ ಬೇಡ ಎಂದು ಹೇಳಲು ಅವನೊಬ್ಬನೇ ಇರುತ್ತಾನೆ.