ಟೈಲರ್ ಅಂಗೈಯ ಉತ್ತರ ದಿಕ್ಕು

ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ ಬಿಟ್ಟರೆ ಮೂರನೆಯ ದಾರಿ ತುಳಿಯದ ಮನುಷ್ಯನಿಗೆ ದಿಕ್ಸೂಚಿಗಳ ಹುಚ್ಚು ಹಿಡಿದರೆ ಯಾರೇನು ಮಾಡಲಾದೀತು? ನಮ್ಮ ಟೈಲರ್‌ಗೆ ಹಿಡಿದಿತ್ತು. ಗಿರಾಕಿಗಳ ಕೋಟು ತೂಗಬೇಕಾದ ಗಾಜಿನ ಬೀರುವಿನಲ್ಲಿ ಹಿತ್ತಾಳೆಯವು, ಪ್ಲಾಸ್ಟಿಕ್ಕಿನವು, ಮುಚ್ಚಳವಿದ್ದವು, ಎಣ್ಣೆ ತುಂಬಿದವು ಎಲ್ಲ ಮೆರೆಯುತ್ತಿದ್ದವು. ಕೋಟುಗಳು ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿದ್ದವು.

ಇದನ್ನು ಕಂಡರೆ ಅವನ ಹೆಂಡತಿಯ ಅಣ್ಣನಿಗೆ ನಗು. ಆತ ಬಸ್ ಓಡಿಸಿ ನಿವೃತ್ತನಾದವನು. ಇಬ್ಬರೂ ಒಬ್ಬರನ್ನೊಬ್ಬರು ‘ಭಾವ’ ಎಂದೇ ಕರೆದು, ಬಹುವಚನದಲ್ಲೇ ಕಾಲೆಳೆದುಕೊಳ್ಳುತ್ತಿದ್ದರು.

“ಭಾವ, ನಿಮ್ಮ ಹತ್ರ ಇರೋ ಸೂಜಿಗಳಲ್ಲಿ ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿರೋದು ಮಿಷಿನ್ ಸೂಜಿಗೆ ಮಾತ್ರ” ಅಂದ ಡ್ರೈವರ್ ಒಂದು ದಿನ. “ಬರೋ ಭಾನುವಾರ ಗುಡ್ಡದಾಚೆ ಉತ್ತರಕ್ಕಿರೋ ಕೆರೆಗೆ ನಮ್ಮನ್ನ ಕರ್ಕೊಂಡು ಹೋಗಿ ನೋಡೋಣ. ಯಾರನ್ನೂ ಕೇಳ್ಬಾರದು. ತಲುಪಿಸಿದ್ರೆ ಇನ್ನು ಕಂಪಾಸಿನ ಮಾತೇ ಎತ್ತಲ್ಲ. ಇಲ್ಲಾಂದ್ರೆ ಅಷ್ಟೂ ಗುಜರಿಗೆ.”

“ಒಳ್ಳೇದಾಯ್ತು, ಬೀರು ಖಾಲಿಯಾಗುತ್ತೆ” ಅಂದಳು ಹೆಂಡತಿ. ಅಣ್ಣ ಆಡಿಕೊಂಡರೆ ಆಡಿಕೊಳ್ಳಲಿ, ಇವಳೂ ಸೇರಿಕೊಳ್ಳಬೇಕೆ? ಆ ರೋಷದಲ್ಲೇ ಟೈಲರ್ ಪಂದ್ಯಕ್ಕೆ ಒಪ್ಪಿದ.

ವಾರವಿಡೀ ಆಯ್ಕೆ ನಡೆಯಿತು. ದೊಡ್ಡವನ್ನು ಹೊಲಿಗೆ ಮಿಷಿನ್ ಮೇಲಿಟ್ಟು ನೋಡಿದ. ಕಬ್ಬಿಣದ ಗುಡ್ಡೆಯ ಮೇಲೆ ಯಾವ ಸೂಜಿ ತಾನೇ ನೆಟ್ಟಗೆ ನಿಂತೀತು! ಎಲ್ಲವೂ ಸೊಟ್ಟ ತಿರುಗಿದವು. ಎಲ್ಲಕ್ಕೂ ‘ಹಾಳು’ ಎಂದು ತೀರ್ಪಾಯಿತು. ಹೋದ ವರ್ಷ ಇದೇ ಪರೀಕ್ಷೆಯಲ್ಲಿ ಫೇಲಾದ ಒಂದನ್ನು ಭಾವನಿಗೆ ಉಡುಗೊರೆ ಎಂದು ದಾಟಿಸಿಯೂ ಇದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೇ ಡೊಂಕಾಗಿದ್ದರೂ ಕುಣಿಯುವವರಿಗೆ ಬೈಗುಳ.

ಕೊನೆಗುಳಿದದ್ದು ನೆಲ್ಲಿಕಾಯಿ ಗಾತ್ರದ ಪುಟಾಣಿ ದಿಕ್ಸೂಚಿ. ಅದನ್ನು ಎಡ ಅಂಗೈಯ ಬುಡದಲ್ಲಿಟ್ಟುಕೊಂಡ. ಅದರ ಪಕ್ಕದಲ್ಲೇ, ಮಣಿಕಟ್ಟಿಗೆ, ಗುಂಡುಸೂಜಿಗಳನ್ನು ಕಚ್ಚಿ ಹಿಡಿಯುವ ಪಟ್ಟಿ. ಸ್ನಾನಕ್ಕೆ ಹೋಗುವಾಗ ಬಿಟ್ಟರೆ ಅದನ್ನು ಬಿಚ್ಚಿದವನಲ್ಲ. ಮಿಷಿನ್ ಮುಂದೆ ಕುಳಿತರೆ ಉತ್ತರದ ಬೀದಿ ಎದುರಿಗೆ. ಮುಳ್ಳು ನೇರ ಬೀದಿ ತೋರಿಸಿ, ಮಿಸುಕದೆ ನಿಂತಿತು. “ಇದು ಮರ್ಯಾದಸ್ಥ” ಅಂದ ಟೈಲರ್.

ಭಾನುವಾರ ಮೋಡ ಕವಿದಿತ್ತು. ಗುಡ್ಡದ ಬುಡದ ಸೋಡಾ ಅಂಗಡಿಯಲ್ಲಿ ನೀರಿನ ಬಾಟಲಿ ಕೊಂಡು ಮೂವರೂ ಹೊರಟರು. ದಾರಿ ಕವಲೊಡೆದಲ್ಲೆಲ್ಲ ಟೈಲರ್ ಎಡಗೈ ಚಾಚಿ ನೋಡುವನು. ಮುಳ್ಳು ಮುಂದಕ್ಕೇ ತೋರಿಸುವುದು. “ನೇರ ಉತ್ತರ!” ಎಂದು ಎದೆಯುಬ್ಬಿಸಿ ನಡೆಯುವನು. ದಾರಿ ಎಷ್ಟೇ ಬಳಸಲಿ, ಉತ್ತರವೂ ಜೊತೆಗೇ ಬಳಸುತ್ತಿತ್ತು.

ಡ್ರೈವರ್ ಜೇಬಿನಿಂದ ಉಡುಗೊರೆಯ ದಿಕ್ಸೂಚಿ ತೆಗೆದ. “ಭಾವ, ನಂದು ಹಿಂದಕ್ಕೆ ತೋರಿಸ್ತಿದೆ.”

“ಅದು ಹಾಳು ಭಾವ. ಒಳಗಿಡಿ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಹತ್ತಿರ ವಾದವೇ? ಡ್ರೈವರ್ ತೆಪ್ಪಗೆ ಒಳಗಿಟ್ಟ. ಅದೇ ವಿಚಿತ್ರ. ತೆಪ್ಪಗಿರುವುದು ಆ ಬಾಯಿಗೆ ಅಭ್ಯಾಸವಿರಲಿಲ್ಲ.

ಪೊದೆಗಳ ನಡುವೆ ನುಗ್ಗಿ ಹೊರಬಂದರೆ ಎದುರಿಗೆ ಕೆರೆಯಲ್ಲ, ಸೋಡಾ ಅಂಗಡಿ.

“ಇಷ್ಟು ಬೇಗ ನೀರು ಖಾಲಿ ಆಯ್ತಾ?” ಕೇಳಿದ ಅಂಗಡಿಯವನು.

ಟೈಲರ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೀರು ಹೋಯಿತು, ಮಾನವೂ ಹೋಯಿತು. ದಿಕ್ಸೂಚಿಯನ್ನು ಬೆಂಚಿನ ಮೇಲಿಟ್ಟು ಕುಸಿದು ಕುಳಿತ. ಹೆಂಡತಿ ಪಕ್ಕದಲ್ಲಿ ಕುಳಿತು ಚಪ್ಪಲಿ ಬಿಚ್ಚಿದಳು. “ರೀ, ಕಾಲಿಗೆ ಮುಳ್ಳು ಚುಚ್ಚಿದೆ. ಒಂದು ಸೂಜಿ ಕೊಡಿ.”

ಸೂಜಿ ಕಿತ್ತುಕೊಳ್ಳಲೆಂದು ಟೈಲರ್ ಎಡಗೈಯನ್ನು ಬೆಂಚಿನ ಮೇಲೆ ಹಾಯಿಸಿದ. ದಿಕ್ಸೂಚಿಯ ಮುಳ್ಳು ಗಿರ್ರನೆ ತಿರುಗಿತು. ಕೈ ಹಿಂದಕ್ಕೆಳೆದ, ಮುಳ್ಳೂ ಹಿಂದೆ ಬಂತು. ಹೆಂಡತಿ ಕಾಲಿನ ನೋವು ಮರೆತು ಅವನ ಮಣಿಕಟ್ಟು ಹಿಡಿದಳು.

“ರೀ, ಈ ಪಟ್ಟಿಯೊಳಗೆ ಆಯಸ್ಕಾಂತ ಅಲ್ವಾ ಇರೋದು?”

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಟೈಲರ್ ಇಂಗು ತಿಂದ ಮಂಗನ ಹಾಗಾದ. ಡ್ರೈವರ್ ಹೊಟ್ಟೆ ಹಿಡಿದು ನಕ್ಕ, ಕಣ್ಣೊರೆಸಿಕೊಂಡು ಮತ್ತೆ ನಕ್ಕ.

“ನಿಮ್ಮದು ಸರಿಯಾಗಿತ್ತು. ಬಾಯಿ ಬಿಟ್ಟು ಜಗಳ ಆಡ್ಬಾರದಿತ್ತಾ?” ಕೇಳಿದ ಟೈಲರ್.

“ನೀವೇ ಹಾಳು ಅಂದ್ರಲ್ಲ.” ಡ್ರೈವರ್‌ನ ನಗು ನಿಂತಿತು. “ತಮಾಷೆ ಮಾಡ್ತೀನಿ, ನಿಜ. ಆದ್ರೆ ಕಂಪಾಸಿನ ವಿಷ್ಯದಲ್ಲಿ ನಿಮಗಿಂತ ತಿಳ್ದೋರು ನಮ್ಮ ಮನೇಲಿ ಯಾರಿದ್ದಾರೆ ಭಾವ?”

ಟೈಲರ್ ಬೆಂಚಿನ ಮೇಲಿನ ದಿಕ್ಸೂಚಿಯನ್ನೆತ್ತಿ ಅಂಗಿಯ ತುದಿಯಿಂದ ಒರೆಸತೊಡಗಿದ.

“ಆದ್ರೂ ಪಂದ್ಯ ಪಂದ್ಯವೇ. ಬೀರು ಹಾಗೇ ಇರ್ಲಿ, ಅದರ ಬದಲು ಇದನ್ನ ಬಿಚ್ಚಿ” ಎಂದು ಡ್ರೈವರ್ ಪಟ್ಟಿಯನ್ನು ಕಿತ್ತುಕೊಂಡು ತನ್ನ ಅಂಗಿಯ ಜೇಬಿಗೆ ತುರುಕಿದ. ಹೆಂಡತಿಯ ಕಾಲಿನ ಮುಳ್ಳು ಹೊರಬರುತ್ತಲೇ ಡ್ರೈವರ್ ತನ್ನ ದಿಕ್ಸೂಚಿಯನ್ನು ಎದೆಯ ಹತ್ತಿರ ಹಿಡಿದು, “ಈಗ ನನ್ನ ಹಿಂದೆ ಬನ್ನಿ” ಅಂತ ಹೊರಟ.

ಟೈಲರ್ ಇಣುಕಿ ನೋಡಿದ. ಭಾವ ಎತ್ತ ತಿರುಗಿದರೆ ಮುಳ್ಳೂ ಅತ್ತ. ಸುಮ್ಮನಿದ್ದರೆ ಸಾಕು, ಇನ್ನೊಂದು ಸುತ್ತು, ಮತ್ತೆ ಇದೇ ಸೋಡಾ ಅಂಗಡಿ. ಲೆಕ್ಕ ಚುಕ್ತಾ. ಆಸೆಯೇನೋ ಆಯಿತು, ಸುಳ್ಳೇಕೆ? ಆದರೆ ಆಗ ಭಾವ ಹೇಳಿದ್ದ ಮಾತು ಇನ್ನೂ ಕಿವಿಯಲ್ಲಿತ್ತು.

“ಭಾವ, ನಿಲ್ಲಿ. ಪಟ್ಟಿ ಜೇಬಲ್ಲಿದ್ರೆ ನಿಮಗೂ ನನ್ನ ಗತಿಯೇ.”

ಡ್ರೈವರ್ ಜೇಬು ನೋಡಿದ, ದಿಕ್ಸೂಚಿ ನೋಡಿದ. ಹಿಂದಕ್ಕೆ ಹೋಗಿ ಪಟ್ಟಿಯನ್ನು ಅಂಗಡಿಯವನ ಕೈಗೆ ಕೊಟ್ಟು ಬಂದ. ತನ್ನ ದಿಕ್ಸೂಚಿಯನ್ನು ಟೈಲರ್‌ನ ಕೈಗಿಟ್ಟ.

“ನೀವೇ ಮುಂದೆ ನಡೀರಿ.”

ಹೆಂಡತಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಕೇಳಿದಳು: “ಈ ಸಲನಾದ್ರೂ ಕೆರೆ ಸಿಗುತ್ತಾ?”

ಟೈಲರ್ ಬಾಯಿ ತೆರೆಯುವ ಮೊದಲೇ ಅವಳ ಅಣ್ಣ ಹೇಳಿದ: “ಸಿಗುತ್ತೆ. ಬಾ.”