ಬೀಗ ಹೊಲಿದ ಕೌದಿ

ಖಾನಾಪುರದ ಆಚೆ, ಬಸವಣ್ಣೆವ್ವನ ಊರಿನ ದವಾಖಾನೆಗೆ ಬೀಗ ಬಿದ್ದು ವರ್ಷ ದಾಟಿತ್ತು. ಜ್ವರ ಬಂದರೂ ಖಾನಾಪುರ, ಹೆರಿಗೆ ನೋವು ಬಂದರೂ ಖಾನಾಪುರ. ಅರ್ಜಿ ಕೊಟ್ಟು ಕೊಟ್ಟು ಸಾಕಾದ ಬಸವಣ್ಣೆವ್ವ ಹಳೇ ಸೀರೆಗಳ ಕೌದಿ ಹೊಲಿಯುವಾಗ ನಡುವೆ ಕರೀ ಬಟ್ಟೆಯಲ್ಲಿ ಒಂದು ದೊಡ್ಡ ಬೀಗವನ್ನೇ ಹೊಲಿದುಬಿಟ್ಟಳು! ಬೀಗದ ಮುಂದೆ ಒಬ್ಬ ಬಸುರಿ.

ಊರ ಹುಡುಗರು ಮೊಬೈಲಿನಲ್ಲಿ ಹಂಚಿದ ಕೌದಿಯ ಫೋಟೋ ನೋಡಿ ಬೆಳಗಾವಿಯ ಒಂದು ಸರಕಾರಿ ಕಲಾಭವನದವರು ಅದನ್ನು ಪ್ರದರ್ಶನಕ್ಕೆ ಆರಿಸಿದರು. ಊರಿಗೆ ಊರೇ ಹಿಗ್ಗಿತು. ಮರುದಿನ ಅಲ್ಲಿನ ವ್ಯವಸ್ಥಾಪಕರ ಫೋನು: "ಬೀಗದ ತುಂಡು ಬಿಚ್ಚಿ ತರ್ರಿ. ಇಲ್ಲಿ ರಾಜಕೀಯ ಬ್ಯಾಡ."

ಗಂಡ ಗುರುಪಾದಪ್ಪ ಕತ್ತರಿ ತಂದು ಮುಂದಿಟ್ಟ. "ಬಿಚ್ಚಿ ಒಗದಬಿಡು. ಕೌದಿ ಇರೂದು ಹೊಚ್ಚಗೊಳ್ಳಾಕ, ಸರಕಾರದ ಜೋಡಿ ಜಗಳಾಡಾಕಲ್ಲ. ಇಲ್ಲದ ಉಸಾಬರಿ ನಮಗ್ಯಾಕ?"

"ಹ್ಯಾಂಗ ಬಿಚ್ಚಲ್ರೀ? ಕಡೀ ಮೂಲ್ಯಾಗ ರೊಟ್ಟಿ ಚೂರಿಟ್ಟು, ಕೌದಿ ಹೊಟ್ಟಿ ತುಂಬಿಸಿ ಮುಚ್ಚೇನಿ. ಉಂಡ ಕೌದಿ ಬಿಚ್ಚಬಾರದು ಅಂತ ನಮ್ಮವ್ವ ಹೇಳತಿದ್ಲು," ಎಂದಳು ಬಸವಣ್ಣೆವ್ವ. ಆದರೂ ಬೆಳಗಾವಿಯಲ್ಲಿ ನಾಲ್ಕು ಜನ ತನ್ನ ಕೌದಿ ನೋಡಬೇಕೆಂಬ ಆಸೆ ಬಿಡಲೊಲ್ಲದು. ಕತ್ತರಿ ಕೈಗೆತ್ತಿಕೊಂಡೇಬಿಟ್ಟಳು.

ಅಷ್ಟರಲ್ಲಿ ಬಾಜು ಮನೆಯ ಮುಗ್ಧಾ ಬಂದಳು. ಶಾಲೆಯ ಟೀಚರು, ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ.

"ಅಯ್ಯ ಕಾಕೂ, ತಡೀರಿ! ಕಲಾಭವನ ನಡಿಯೂದು ನಮ್ಮ ತೆರಿಗಿ ರೊಕ್ಕದಾಗ. ಯಾವ ನಿಯಮದಾಗ ಬ್ಯಾಡ ಅಂತೀರಿ, ಬರದು ಕೊಡ್ರಿ ಅಂತ ಕೇಳೂದು ನಮ್ಮ ಹಕ್ಕು. ಪಕ್ಷದ ಪ್ರಚಾರ ಬ್ಯಾರೆ, ಊರಿನ ಕಷ್ಟ ಹೇಳೂದು ಬ್ಯಾರೆ."

"ಪೂರಾ ಕೌದೀನ ಬ್ಯಾಡ ಅಂದ್ರ?" ಗುರುಪಾದಪ್ಪ ಬಿಡಲಿಲ್ಲ.

ಬಸವಣ್ಣೆವ್ವ ಕತ್ತರಿ ಕೆಳಗಿಟ್ಟಳು. "ವಾಪಸ್ ತಂದು ಹೊಚ್ಚಗೊಂಡು ಮಲಗತೀನಿ. ಬಾಯಿ ಹೊಲಕೊಂಡು ಗ್ವಾಡಿ ಮ್ಯಾಲ ಮೆರಿಯೂದು ನನಗ ಬ್ಯಾಡ."

ಮೂವರೂ ಬೆಳಗಾವಿಗೆ ಹೋಗಿ, ಕಾರಣ ಬರೆದು ಕೊಡಿ ಎಂದು ಅರ್ಜಿ ಕೊಟ್ಟರು. ವ್ಯವಸ್ಥಾಪಕರು ನಿಯಮದ ಪುಸ್ತಕ ತಿರುವಿದ್ದೇ ತಿರುವಿದ್ದು. ಅಂಥ ನಿಯಮ ಇದ್ದರಲ್ಲವೇ ಸಿಗೋದು! "ಆತ್ರೀ ಅವ್ವಾರ, ಇದ್ದಂಗ ಹಾಕೂಣು," ಎಂದರು ಕಡೆಗೆ.

ಪ್ರದರ್ಶನದ ದಿನ ಜನ ಬೀಗದ ಮುಂದೆಯೇ ಗುಂಪುಗೂಡಿದರು. "ಖರೇನ ದವಾಖಾನಿಗೆ ಇನ್ನೂ ಬೀಗ ಐತೇನ್ರಿ?" ಎಂದವರಿಗೆಲ್ಲ ಗುರುಪಾದಪ್ಪನೇ ಮುಂದೆ ಬಿದ್ದು ಹೇಳಿದ: "ಐತ್ರೀ. ನಮ್ಮ ಮನ್ಯಾಕಿ ಹೊಲದಾಳ ಇದನ್ನ! ನಮ್ಮೂರಿಗೆ ಡಾಕ್ಟರ್ ಬೇಕಾಗ್ಯಾರ, ಈ ಅರ್ಜಿಗೊಂದು ಸಹಿ ಹಾಕ್ರಿ." ಬಸವಣ್ಣೆವ್ವನ ಎದೆ ಹೆಮ್ಮೆಯಿಂದ ಉಬ್ಬಿತು. ಇಷ್ಟು ವರ್ಷದ ಸಂಸಾರದಲ್ಲಿ ಆತ ಆಕೆಯ ಕೆಲಸ ಹೊಗಳಿದ್ದು ಅದೇ ಮೊದಲು.

ಅಕ್ಕಂದಿರೇ, ಅಣ್ಣಂದಿರೇ, ಸರಕಾರಿ ಕಲಾಭವನ, ರಂಗಮಂದಿರ ಎಲ್ಲವೂ ನಮ್ಮ ನಿಮ್ಮವೇ. ಅಲ್ಲಿ ಯಾರಾದರೂ "ಇದು ಬೇಡ" ಎಂದರೆ ಸಿಟ್ಟಾಗಬೇಡಿ, ಹೆದರಲೂ ಬೇಡಿ. ಕಾರಣ ಬರೆದು ಕೊಡಿ ಎಂದು ಕೇಳಿ. ನಿಮ್ಮೂರಿಗೆ ಏನಿಲ್ಲ? ನಾಳೆ ನಿಮ್ಮ ಸಂಘದಲ್ಲಿ ಕೂತು ಅದನ್ನೇ ಹಾಡಿ, ಅದನ್ನೇ ಆಡಿ, ಅದನ್ನೇ ಹೊಲಿಯಿರಿ.